ಪೆಟ್ಟು ತಿಂದ ನರಕ್ಕೊಂದು ಗಡುವಿದೆ

ಗ್ಲಿಯಾ ಕೋಶಗಳ ಅಧ್ಯಯನ ಸಾಗಿಬಂದ ಹಾದಿ ಮತ್ತು ರಾಯಚೂರು ಸೀಮೆಗೆ ಅದು ಹೇಳುವ ಮಾತು

ಮಾನ್ವಿ ಕಡೆಯ ಭತ್ತದ ಗದ್ದೆಯಲ್ಲಿ ಕುಡುಗೋಲು ತಾಗಿ ಮಣಿಕಟ್ಟಿನ ನರ ತುಂಡಾಗುತ್ತದೆ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದ ಕೂಲಿಕಾರ ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ರಾಯಚೂರು ನಗರದ ಯಾವುದೋ ಓಣಿಯಲ್ಲಿ ಒಬ್ಬರ ಮೊಣಕೈ ಹಿಂದಿನ ನರ ಕುಷ್ಠದಿಂದ ಉಬ್ಬಿ, ಕಿರುಬೆರಳು ಮೆಲ್ಲಮೆಲ್ಲನೆ ಮಡಚಿಕೊಳ್ಳತೊಡಗುತ್ತದೆ. ಮೂರರ ಕಾರಣ ಬೇರೆ ಬೇರೆ. ಮೂವರೂ ವೈದ್ಯರ ಮುಂದೆ ಕೂತು ಕೇಳುವ ಪ್ರಶ್ನೆ ಮಾತ್ರ ಒಂದೇ: ಕೆಟ್ಟ ನರ ಮತ್ತೆ ಚಿಗುರುತ್ತದೆಯೇ?

ಉತ್ತರ ಮೂವರಿಗೂ ಒಂದೇ ಅಲ್ಲ. ಮೊದಲನೆಯವರ ನರವನ್ನು ಬೇಗ ಜೋಡಿಸಿದರೆ ಅದು ಬಹುಮಟ್ಟಿಗೆ ಬೆಳೆಯುತ್ತದೆ. ಎರಡನೆಯವರ ಬೆನ್ನುಹುರಿಯಲ್ಲಿ ತುಂಡಾದ ಉದ್ದನೆಯ ತಂತುಗಳು ತಾವಾಗಿ ಮತ್ತೆ ಬೆಳೆಯುವುದಿಲ್ಲ. ಮೂರನೆಯವರ ಕೈ ಉಳಿಯುವುದು ಅವರು ಎಷ್ಟು ಬೇಗ ಆಸ್ಪತ್ರೆಗೆ ಬಂದರು ಎಂಬುದರ ಮೇಲೆ. ಇಷ್ಟು ಅಂತರ ಏಕೆ ಎಂದು ಹುಡುಕುತ್ತ ಹೋದ ವಿಜ್ಞಾನಿಗಳು ಸುಮಾರು ನೂರೆಂಬತ್ತು ವರ್ಷಗಳಲ್ಲಿ ಕಂಡುಕೊಂಡದ್ದು ಇದು: ನರ ಮರಳಿ ಬೆಳೆಯುವುದನ್ನು ನರಕೋಶ ಒಂದೇ ತೀರ್ಮಾನಿಸುವುದಿಲ್ಲ. ಅದನ್ನು ಸುತ್ತುವರಿದ ಗ್ಲಿಯಾ ಕೋಶಗಳ ಪಾತ್ರ ಅಷ್ಟೇ ದೊಡ್ಡದು. ಆ ಕೋಶಗಳ ದುರಸ್ತಿಯ ಶಕ್ತಿಗೆ ಒಂದು ಅವಧಿಯೂ ಇದೆ. ಪ್ರಯೋಗಾಲಯದ ಈ ತಿಳಿವಳಿಕೆ ನಮ್ಮ ಜಿಲ್ಲೆಯ ಉಪಕೇಂದ್ರದವರೆಗೆ ಬಂದು ಮುಟ್ಟಬೇಕು ಎಂಬುದೇ ಈ ಲೇಖನದ ಕಳಕಳಿ.

ಲೆಕ್ಕಕ್ಕೆ ಬಾರದಿದ್ದ ಕೋಶಗಳು

1839ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ನರಗಳ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಅವನ್ನು ತಬ್ಬಿಕೊಂಡಿರುವ ಕೋಶಗಳನ್ನು ಗುರುತಿಸಿದ. ಇಂದು ಅವು ಅವನ ಹೆಸರಿನಲ್ಲೇ ಶ್ವಾನ್ ಕೋಶಗಳೆನಿಸಿವೆ. 1850ರಲ್ಲಿ ಇಂಗ್ಲೆಂಡಿನ ಅಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ಏನಾಗುತ್ತದೆಂದು ದಿನದಿನವೂ ಗಮನಿಸಿದ. ಕತ್ತರಿಸಿದ ಜಾಗದಿಂದ ಆಚೆಗಿನ ತುಂಡು, ಅಂದರೆ ನರಕೋಶದ ಒಡಲಿನಿಂದ ಬೇರ್ಪಟ್ಟ ಭಾಗ, ಚೂರುಚೂರಾಗಿ ಕರಗುತ್ತಿತ್ತು. ವಾಲರ್ ಹೆಸರಿನಲ್ಲೇ ಕರೆಯುವ ಈ ಅವನತಿ, ಇಂದಿಗೂ ನರದ ಗಾಯದ ಪಾಠದಲ್ಲಿ ಮೊದಲ ಪುಟ.

1856ರಲ್ಲಿ ರುಡಾಲ್ಫ್ ವಿರ್ಚೋ ಮೆದುಳಿನೊಳಗಿನ ನರೇತರ ವಸ್ತುವಿಗೆ ನ್ಯೂರೊಗ್ಲಿಯಾ ಎಂದು ಹೆಸರಿಟ್ಟ. ಅವನ ಕಣ್ಣಿಗೆ ಅದು ನರಕೋಶಗಳನ್ನು ಹಿಡಿದಿಡುವ ಬಂಧಕ ಮಾತ್ರವಾಗಿತ್ತು. ಈ ಅಭಿಪ್ರಾಯ ಬಹುಕಾಲ ಬೇರೂರಿತು. ಯೋಚನೆ, ನೆನಪು, ಚಲನೆ ಎಲ್ಲವೂ ನರಕೋಶದ ಕೆಲಸ, ಉಳಿದದ್ದು ಬರಿಯ ಭರ್ತಿ ಎಂದು ತಲೆಮಾರುಗಳು ನಂಬಿದವು.

ಸ್ಪೇನಿನಲ್ಲಿ ಈ ಚಿತ್ರ ಬದಲಾಯಿತು. 1906ರಲ್ಲಿ ಕಮಿಲ್ಲೊ ಗಾಲ್ಜಿಯೊಂದಿಗೆ ನೊಬೆಲ್ ಹಂಚಿಕೊಂಡ ಸಾಂಟಿಯಾಗೊ ರಮೋನ್ ಇ ಕಹಾಲ್ 1913ರಲ್ಲಿ ಚಿನ್ನದ ಲವಣ ಬಳಸಿ ನಕ್ಷತ್ರಾಕಾರದ ಆಸ್ಟ್ರೊಸೈಟ್‌ಗಳನ್ನು ಸ್ಪಷ್ಟವಾಗಿ ತೋರಿಸಿದ. ಅವನ ಶಿಷ್ಯಬಳಗದ ಪಿಯೊ ಡೆಲ್ ರಿಯೊ ಓರ್ಟೆಗಾ 1919ರಲ್ಲಿ ಮೈಕ್ರೊಗ್ಲಿಯಾವನ್ನೂ 1921ರಲ್ಲಿ ಆಲಿಗೊಡೆಂಡ್ರೊಸೈಟ್‌ಗಳನ್ನೂ ಬೇರ್ಪಡಿಸಿದ. ಹೀಗೆ ಮೆದುಳು ಮತ್ತು ಬೆನ್ನುಹುರಿಯಲ್ಲಿ ಮೂರು ಬಗೆಯ ಮುಖ್ಯ ಗ್ಲಿಯಾ, ಕೈಕಾಲಿಗೆ ಹರಡುವ ಹೊರನರಗಳಲ್ಲಿ ಶ್ವಾನ್ ಕೋಶ ಎಂಬ ನಕ್ಷೆ ಸಿದ್ಧವಾಯಿತು. ಆಸ್ಟ್ರೊಸೈಟ್ ನರಕೋಶಕ್ಕೆ ಆಹಾರ ಒದಗಿಸಿ ಪರಿಸರವನ್ನು ಹದದಲ್ಲಿಡುತ್ತದೆ. ಮೈಕ್ರೊಗ್ಲಿಯಾ ರೋಗನಿರೋಧದ ಕೋಶ. ಆಲಿಗೊಡೆಂಡ್ರೊಸೈಟ್ ಮತ್ತು ಶ್ವಾನ್ ಕೋಶಗಳು ಸಂಕೇತ ವೇಗವಾಗಿ ಓಡಲು ಬೇಕಾದ ಮಯಲಿನ್ ಎಂಬ ಕೊಬ್ಬಿನ ಪೊರೆಯನ್ನು ಸುತ್ತುತ್ತವೆ.

ಗ್ಲಿಯಾ ಕೋಶಗಳು ನರಕೋಶಗಳ ಹತ್ತುಪಟ್ಟು ಇವೆ ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದವು. 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಎಣಿಸಿದಾಗ ಮನುಷ್ಯನ ಮೆದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ, ಉಳಿದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿಯಿತು. ಹತ್ತುಪಟ್ಟು ಅಲ್ಲದಿದ್ದರೂ ಸರಿಸಮ.

ಹೊರನರದಲ್ಲಿ ಶ್ವಾನ್ ಕೋಶದ ದುಡಿಮೆ

ಕೈಯ ನರ ತುಂಡಾದಾಗ ಶ್ವಾನ್ ಕೋಶ ಮಾಡುವ ಕೆಲಸ, ನಮ್ಮ ದೇಹದ ಅತ್ಯಂತ ವಿಸ್ಮಯಕರ ದುರಸ್ತಿಗಳಲ್ಲಿ ಒಂದು. ಅದುವರೆಗೆ ಮಯಲಿನ್ ಸುತ್ತುತ್ತ ನೆಮ್ಮದಿಯಾಗಿದ್ದ ಕೋಶ ಆ ಕಸುಬನ್ನೇ ಕೈಬಿಡುತ್ತದೆ. ತಾನೇ ಕಟ್ಟಿದ ಪೊರೆಯನ್ನು ತಾನೇ ಒಡೆದು ಜೀರ್ಣಿಸಿಕೊಳ್ಳುತ್ತದೆ. ರಾಸಾಯನಿಕ ಸಂದೇಶ ಕಳಿಸಿ ರಕ್ತದಿಂದ ಭಕ್ಷಕ ಕೋಶಗಳನ್ನು ಕರೆಸಿ ಉಳಿದ ಕಸವನ್ನು ತೆಗೆಸುತ್ತದೆ. ಆಮೇಲೆ ತಾನು ಉದ್ದಕ್ಕೆ ಚಾಚಿಕೊಂಡು, ಅಕ್ಕಪಕ್ಕದ ಕೋಶಗಳೊಂದಿಗೆ ಸಾಲುಗಟ್ಟಿ, ಹೊಸ ತಂತು ಸಾಗಬೇಕಾದ ಹಾದಿಯನ್ನು ರಚಿಸುತ್ತದೆ. 1891ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಲ್ಲಿ ಈ ಸಾಲುಗಳನ್ನು ಬ್ಯುಂಗ್ನರ್ ಪಟ್ಟಿಗಳೆನ್ನುತ್ತಾರೆ. ಈ ಹಾದಿಯುದ್ದಕ್ಕೂ ಬೆಳವಣಿಗೆಯ ಪ್ರೋಟೀನುಗಳು ಸ್ರವಿಸುತ್ತವೆ. ಇಂಥ ಮೊದಲ ಪ್ರೋಟೀನಾದ ನರವರ್ಧಕ ಅಂಶವನ್ನು ಕಂಡುಹಿಡಿದದ್ದಕ್ಕೆ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ 1986ರ ನೊಬೆಲ್ ಪಡೆದರು.

ಗಾಯಗಳೆಲ್ಲ ಒಂದೇ ತೆರನಲ್ಲ ಎಂಬುದನ್ನು ಎರಡನೆಯ ಮಹಾಯುದ್ಧ ಕಲಿಸಿತು. ಗಾಯಾಳು ಸೈನಿಕರನ್ನು ನೋಡಿದ ಇಂಗ್ಲೆಂಡಿನ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಗಾಯವನ್ನು ಮೂರು ದರ್ಜೆಗೆ ವಿಂಗಡಿಸಿದ. ನರ ಒತ್ತಿ ಸಂಕೇತ ಮಾತ್ರ ನಿಂತಿದ್ದರೆ ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ತಂತು ತುಂಡಾಗಿ ಹೊರಗವಸು ಉಳಿದಿದ್ದರೆ ಶ್ವಾನ್ ಕೋಶದ ಹಾದಿ ಹಿಡಿದು ತಂತು ಬೆಳೆಯುತ್ತದೆ. ಗವಸೂ ಕತ್ತರಿಸಿಹೋಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತುದಿಗಳನ್ನು ಕೂಡಿಸದೆ ಗತ್ಯಂತರವಿಲ್ಲ. ಕುಡುಗೋಲಿನ ಗಾಯ ಹೆಚ್ಚಾಗಿ ಈ ಮೂರನೆಯ ದರ್ಜೆಯದು.

ಗಾಯವಾದ ಶ್ವಾನ್ ಕೋಶ ತನ್ನ ಬಾಲ್ಯದ ಸ್ಥಿತಿಗೆ ಮರಳುತ್ತದೆ ಎಂದು ಮೊದಲು ಭಾವಿಸಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ರಿಸ್ಟಿಯನ್ ಜೆಸೆನ್ ಮತ್ತು ರೋನಾ ಮಿರ್ಸ್ಕಿ ಬಳಗ ಇದನ್ನು ತಿದ್ದಿತು. ಸಿ-ಜನ್ ಎಂಬ ಪ್ರೋಟೀನು ಈ ಬದಲಾವಣೆಯ ಸೂತ್ರ ಹಿಡಿದಿದೆ ಎಂದು 2012ರಲ್ಲಿ ಅವರು ತೋರಿಸಿದರು. ಶ್ವಾನ್ ಕೋಶದಲ್ಲಿ ಆ ಪ್ರೋಟೀನನ್ನು ಇಲ್ಲವಾಗಿಸಿದ ಇಲಿಗಳಲ್ಲಿ ನರ ಸರಿಯಾಗಿ ಬೆಳೆಯಲೇ ಇಲ್ಲ, ಅನೇಕ ನರಕೋಶಗಳೂ ಸತ್ತವು. ದುರಸ್ತಿಗೆ ಇಳಿದ ಕೋಶವು ಎಳೆಯ ಕೋಶಕ್ಕಿಂತ ಏಳರಿಂದ ಹತ್ತು ಪಟ್ಟು ಉದ್ದವಾಗುತ್ತದೆ ಎಂಬುದೂ 2017ರಲ್ಲಿ ಗೊತ್ತಾಯಿತು. ಅಂದರೆ ಇದು ಗಾಯಕ್ಕೆಂದೇ ಹುಟ್ಟುವ, ಬೇರೆಯೇ ಆದ ಕೋಶ.

ಗಡುವಿನ ಮಾತು ಇಲ್ಲಿಂದ ಶುರುವಾಗುತ್ತದೆ. ಮನುಷ್ಯರಲ್ಲಿ ತಂತು ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಕಿರುಬೆರಳಿನ ತುದಿಗೆ 40 ಸೆಂಟಿಮೀಟರ್ ಎಂದು ಹಿಡಿದರೆ 400 ದಿನ, ಅಂದರೆ ವರ್ಷಕ್ಕೂ ಹೆಚ್ಚು. ಅಷ್ಟು ಕಾಲ ಶ್ವಾನ್ ಕೋಶಗಳು ಹಾದಿ ಕಾಯುತ್ತ ಕೂರಲಾರವು. ತಿಂಗಳುಗಳು ಕಳೆದಂತೆ ಅವುಗಳಲ್ಲಿ ಸಿ-ಜನ್ ಕುಗ್ಗುತ್ತದೆ, ಪೋಷಕ ಪ್ರೋಟೀನು ಕಡಿಮೆಯಾಗುತ್ತದೆ, ಕೋಶಗಳ ಸಂಖ್ಯೆಯೂ ಇಳಿಯುತ್ತದೆ. ವಯಸ್ಸಾದವರಲ್ಲಿ ಇದು ಇನ್ನೂ ಬೇಗ. ಇತ್ತ ನರ ಕಳೆದುಕೊಂಡ ಸ್ನಾಯು ಒಂದು ಒಂದೂವರೆ ವರ್ಷದಲ್ಲಿ ಬಹುಪಾಲು ಸವೆದುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ನೀರು ಬಿಟ್ಟರಷ್ಟೇ ಸಾಲದು, ಅದು ಬಂದು ಮುಟ್ಟುವ ಹೊತ್ತಿಗೆ ಕೊನೆಯ ತೂಬಿನವರೆಗೆ ಕಾಲುವೆ ಹೂಳು ತುಂಬದೆ ತೆರೆದಿರಬೇಕು, ಹೊಲದ ಪೈರೂ ಬದುಕಿರಬೇಕು.

ಕೆನಡಾದ ಟೆಸ್ಸಾ ಗಾರ್ಡನ್ ಈ ಗಡುವನ್ನು ಹಿಗ್ಗಿಸುವ ದಾರಿ ಹುಡುಕಿದವರಲ್ಲಿ ಮುಖ್ಯರು. ನರ ಜೋಡಿಸಿದ ಕೂಡಲೇ ಒಂದು ಗಂಟೆ ಮಂದ ವಿದ್ಯುತ್ ಪ್ರಚೋದನೆ ಕೊಟ್ಟರೆ ಹೆಚ್ಚು ತಂತುಗಳು ಬೇಗ ಗಾಯವನ್ನು ದಾಟುತ್ತವೆ ಎಂದು ಅವರ ಬಳಗ 2000ದಲ್ಲಿ ಇಲಿಗಳಲ್ಲಿ ತೋರಿಸಿತು. 2010ರಲ್ಲಿ ಮಣಿಕಟ್ಟಿನ ನರ ಒತ್ತಿಹೋದ ರೋಗಿಗಳಲ್ಲೂ ಒಳ್ಳೆಯ ಫಲ ಕಂಡಿತು.

ದುರಸ್ತಿಗಾರನ ಮನೆಯಲ್ಲೇ ಕುಷ್ಠದ ದಂಡಾಣು

ನಮ್ಮ ನಾಡಿನಲ್ಲಿ ಶ್ವಾನ್ ಕೋಶದ ಕಥೆಯನ್ನು ಕುಷ್ಠವನ್ನು ಬಿಟ್ಟು ಹೇಳಲಾಗದು. ರಾಯಚೂರು ಜಿಲ್ಲೆಯೂ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಇಸಾಬೆಲ್ ಕೆರ್ 1915ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಿದರು. ಆಗಿದ್ದ ಔಷಧಿ ಚಾಲ್ಮೂಗ್ರ ಎಣ್ಣೆಯ ಚುಚ್ಚುಮದ್ದು ಮಾತ್ರ. ರೋಗಾಣುವನ್ನು ನಾರ್ವೆಯ ಬರ್ಗೆನ್‌ನಲ್ಲಿ ಗೆರ್ಹಾರ್ಡ್ ಹಾನ್ಸನ್ 1873ರಲ್ಲೇ ಗುರುತಿಸಿದ್ದ. ಆದರೂ ಅದು ಕೈಕಾಲನ್ನು ಊನ ಮಾಡುವುದು ಹೇಗೆ ಎಂಬುದು ತಿಳಿದಿರಲಿಲ್ಲ.

ಬೆರಳು ಉದುರುವುದು ರೋಗಾಣು ಮಾಂಸ ತಿನ್ನುವುದರಿಂದ ಎಂದೇ ಜನ ನಂಬಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಬೇರೆಯದನ್ನು ಕಂಡರು. ನರ ಸತ್ತು ನೋವು ತಿಳಿಯದಾದ ಕೈ ಒಲೆಯ ಪಾತ್ರೆಗೆ ಸುಡುತ್ತದೆ, ಗುದ್ದಲಿಯ ಹಿಡಿಗೆ ಬೊಕ್ಕೆ ಏಳುತ್ತದೆ. ಗೊತ್ತಾಗದ ಕಾರಣ ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಊನದ ಮೂಲ ನರದಲ್ಲಿದೆ. ಮಡಚಿದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯನ್ನೂ ಬ್ರಾಂಡ್ ರೂಪಿಸಿದರು.

ಕುಷ್ಠದ ದಂಡಾಣು ತುಂಬ ನಿಧಾನಿ. ಒಮ್ಮೆ ಇಬ್ಭಾಗವಾಗಲು 12ರಿಂದ 14 ದಿನ ಬೇಕು. ದೇಹದ ತಂಪಾದ ಜಾಗಗಳನ್ನು ಅದು ಇಷ್ಟಪಡುತ್ತದೆ. ಅದಕ್ಕಾಗಿಯೇ ಚರ್ಮದ ಹತ್ತಿರ ಹಾದುಹೋಗುವ ಮೊಣಕೈಯ, ಮೊಣಕಾಲಿನ ಪಕ್ಕದ, ಹಿಮ್ಮಡಿಯ ಬಳಿಯ ನರಗಳು ಮೊದಲು ಬಲಿಯಾಗುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ದಂಡಾಣು ಇಂದಿಗೂ ಬೆಳೆದಿಲ್ಲ. ದೇಹದಲ್ಲಿ ಮಾತ್ರ ಅದು ಶ್ವಾನ್ ಕೋಶವನ್ನು ಆರಿಸಿಕೊಂಡು ನೆಲೆಸುತ್ತದೆ.

ಏಕೆ ಅಲ್ಲೇ? ಶ್ರೀಲಂಕಾ ಮೂಲದ ಅನುರ ರಂಬುಕ್ಕನ ಮತ್ತು ಸಂಗಡಿಗರು ಇದಕ್ಕೆ ಉತ್ತರವನ್ನು ಹಂತಹಂತವಾಗಿ ಬಿಡಿಸಿದರು. ಶ್ವಾನ್ ಕೋಶದ ಹೊರಗವಸಿನಲ್ಲಿರುವ ಲ್ಯಾಮಿನಿನ್-2 ಎಂಬ ಪ್ರೋಟೀನಿಗೆ ದಂಡಾಣು ಅಂಟಿಕೊಳ್ಳುತ್ತದೆ ಎಂದು 1997ರಲ್ಲಿ, ಆಲ್ಫಾ-ಡಿಸ್ಟ್ರೊಗ್ಲೈಕನ್ ಎಂಬ ಗ್ರಾಹಕದ ಮೂಲಕ ಒಳಹೋಗುತ್ತದೆ ಎಂದು 1998ರಲ್ಲಿ ತೋರಿಸಿದರು. ಅಂಟಿಕೊಂಡ ಮಾತ್ರಕ್ಕೇ, ರೋಗನಿರೋಧ ಕೋಶಗಳ ಹಂಗಿಲ್ಲದೆ, ಮಯಲಿನ್ ಕಳಚಬಲ್ಲದು ಎಂದು 2002ರಲ್ಲಿ ಬೆಳಕಿಗೆ ಬಂತು. ಎಲ್ಲಕ್ಕಿಂತ ಬೆರಗಿನದು 2013ರ ಫಲಿತಾಂಶ. ಇಲಿಯ ಶ್ವಾನ್ ಕೋಶದೊಳಗೆ ಸೇರಿದ ದಂಡಾಣು ಆ ಕೋಶದ ಗುರುತನ್ನೇ ಅಳಿಸಿ, ಕಾಂಡಕೋಶದಂಥ ಸ್ಥಿತಿಗೆ ತಳ್ಳುತ್ತದೆ. ಹಾಗೆ ಬದಲಾದ ಕೋಶ ಸ್ನಾಯು ಮುಂತಾದ ಅಂಗಾಂಶಗಳಿಗೆ ಸೇರಿ ಸೋಂಕನ್ನೂ ಹೊತ್ತೊಯ್ಯುತ್ತದೆ. ಗಾಯವಾದಾಗ ರೂಪ ಬದಲಿಸಿ ನರವನ್ನು ಉಳಿಸುವ ಶಕ್ತಿಯೇ ಇಲ್ಲಿ ರೋಗಾಣುವಿನ ಕೈಗೆ ಸಿಕ್ಕಿದೆ.

2017ರಲ್ಲಿ ಕೇಂಬ್ರಿಜ್‌ನ ಲಲಿತಾ ರಾಮಕೃಷ್ಣನ್ ಅವರ ಬಳಗ ಪಾರದರ್ಶಕ ಜೀಬ್ರಾಮೀನಿನ ಮರಿಗಳಲ್ಲಿ ಇನ್ನೊಂದು ಮುಖ ತೋರಿಸಿತು. ದಂಡಾಣುವಿನ ಮೇಲ್ಮೈ ಕೊಬ್ಬನ್ನು ಎದುರಿಸುವ ಭಕ್ಷಕ ಕೋಶಗಳು ನೈಟ್ರಿಕ್ ಆಕ್ಸೈಡ್ ಸುರಿಸುತ್ತವೆ, ಅದು ನರತಂತುವಿನ ಶಕ್ತಿಕೇಂದ್ರಗಳನ್ನು ಕೆಡಿಸುತ್ತದೆ. ಅಂದರೆ ನರದ ಹಾನಿಯಲ್ಲಿ ರೋಗಾಣುವಿನ ಪಾಲೂ ಇದೆ, ನಮ್ಮದೇ ದೇಹದ ಉರಿಯೂತದ ಪಾಲೂ ಇದೆ. ಕುಷ್ಠದ ಮಾತ್ರೆಯ ಜೊತೆಗೆ ಕೆಲವರಿಗೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಕೊಡುವುದು ಈ ಕಾರಣಕ್ಕೆ.

ಬೆನ್ನುಹುರಿ: ಕಹಾಲ್ ತೀರ್ಪಿನಿಂದ ಈಚೆಗೆ

ಬೆನ್ನುಹುರಿಯ ತಂತು ಏಕೆ ಬೆಳೆಯದು? 1911ರಲ್ಲಿ ಕಹಾಲ್‌ನ ಶಿಷ್ಯ ಫ್ರಾನ್ಸಿಸ್ಕೊ ಟೆಲ್ಲೊ ಮೊಲದ ಮೆದುಳಿಗೆ ಹೊರನರದ ತುಣುಕನ್ನು ಕಸಿಮಾಡಿ, ಮೆದುಳಿನ ತಂತುಗಳು ಅದರೊಳಕ್ಕೆ ಚಿಗುರಿದಂತೆ ಕಂಡ. ಆದರೂ 1913-14ರಲ್ಲಿ ಬಂದ ತನ್ನ ದೊಡ್ಡ ಗ್ರಂಥದಲ್ಲಿ ಕಹಾಲ್, ವಯಸ್ಕರ ಮೆದುಳು ಬೆನ್ನುಹುರಿಗಳಲ್ಲಿ ನರದ ಹಾದಿ ಮತ್ತೆ ಹುಟ್ಟುವುದಿಲ್ಲ ಎಂದೇ ತೀರ್ಮಾನಿಸಿದ. ಆ ತೀರ್ಪನ್ನು ಮುಂದಿನ ವಿಜ್ಞಾನ ಬದಲಿಸಲಿ ಎಂಬ ಆಸೆಯನ್ನೂ ಬರೆದಿಟ್ಟ.

ಬದಲಾವಣೆ ಬಂದದ್ದು ಸುಮಾರು ಎಪ್ಪತ್ತು ವರ್ಷಗಳ ಮೇಲೆ. ಮಾಂಟ್ರಿಯಲ್‌ನ ಆಲ್ಬರ್ಟ್ ಆಗ್ವಾಯೊ ಮತ್ತು ಸ್ಯಾಮ್ಯುಯೆಲ್ ಡೇವಿಡ್ 1981ರಲ್ಲಿ ಇಲಿಯ ಮೆದುಳ ಬುಡ ಮತ್ತು ಬೆನ್ನುಹುರಿಯ ನಡುವೆ ಹೊರನರದ ತುಣುಕನ್ನು ಸೇತುವೆಯಾಗಿ ಇಟ್ಟರು. ಬೆಳೆಯಲಾರವು ಎಂದು ಕೈಬಿಟ್ಟಿದ್ದ ತಂತುಗಳು ಅದರೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಸೇತುವೆ ಮುಗಿದು ಮತ್ತೆ ಬೆನ್ನುಹುರಿಗೆ ಕಾಲಿಟ್ಟೊಡನೆ ನಿಂತವು. ನರಕೋಶಕ್ಕೆ ಬೆಳೆಯುವ ಶಕ್ತಿಯಿದೆ, ಪರಿಸರ ಬಿಡುತ್ತಿಲ್ಲ ಎಂಬುದು ಅಂದು ನಿಚ್ಚಳವಾಯಿತು. ಅಲ್ಲಿಂದ ಪ್ರಶ್ನೆಯ ದಿಕ್ಕು ಗ್ಲಿಯಾದ ಕಡೆಗೆ ತಿರುಗಿತು.

1988ರಲ್ಲಿ ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಬಳಗ, ಆಲಿಗೊಡೆಂಡ್ರೊಸೈಟ್‌ಗಳ ಮಯಲಿನ್‌ನಲ್ಲೇ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆ ಎಂದು ವರದಿ ಮಾಡಿತು. ಅದರಲ್ಲಿ ಮುಖ್ಯವಾದ ನೋಗೊ-ಎ 2000ದಲ್ಲಿ ಪೂರ್ಣವಾಗಿ ಗುರುತಾಯಿತು. ಅದನ್ನು ಅಡಗಿಸುವ ಪ್ರತಿಕಾಯದ ಪ್ರಯೋಗ ಮನುಷ್ಯರವರೆಗೂ ಬಂತು. 2024ರ ಕೊನೆಗೆ ಪ್ರಕಟವಾದ ಯುರೋಪಿನ ಪರೀಕ್ಷೆಯಲ್ಲಿ, ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ ಎಲ್ಲ ರೋಗಿಗಳನ್ನೂ ಒಟ್ಟಿಗೆ ನೋಡಿದಾಗ ಲಾಭ ಸ್ಪಷ್ಟವಾಗಲಿಲ್ಲ. ಬೆನ್ನುಹುರಿ ಪೂರ್ತಿ ಕಡಿದಿರದ ಕೆಲವರಲ್ಲಿ ಮಾತ್ರ ಆಶಾದಾಯಕ ಸೂಚನೆ ಕಂಡಿತು.

ಇನ್ನೊಂದು ದೊಡ್ಡ ಚರ್ಚೆ ಗಾಯದ ಕಲೆಯದು. ಬೆನ್ನುಹುರಿಗೆ ಪೆಟ್ಟಾದಾಗ ಆಸ್ಟ್ರೊಸೈಟ್‌ಗಳು ಗಾಯವನ್ನು ಸುತ್ತುಗಟ್ಟುತ್ತವೆ. ಈ ಗ್ಲಿಯಾ ಕಲೆಯೇ ತಂತುವನ್ನು ತಡೆಯುತ್ತದೆ ಎಂದು ದಶಕಗಳ ಕಾಲ ನಂಬಿದ್ದರು. ಕಲೆಯಲ್ಲಿರುವ ಸಕ್ಕರೆಭರಿತ ಪ್ರೋಟೀನುಗಳನ್ನು ಕಿಣ್ವವೊಂದರಿಂದ ಕರಗಿಸಿದರೆ ಇಲಿಗಳು ಚೇತರಿಸಿಕೊಳ್ಳುತ್ತವೆ ಎಂದು ಎಲಿಜಬೆತ್ ಬ್ರಾಡ್‌ಬರಿ ಮತ್ತಿತರರು 2002ರಲ್ಲಿ ತೋರಿಸಿದರು. ಆದರೆ 2016ರಲ್ಲಿ ಲಾಸ್ ಏಂಜಲೀಸ್‌ನ ಮೈಕೆಲ್ ಸೊಫ್ರೊನಿವ್ ಬಳಗ ಕಲೆ ಕಟ್ಟದಂತೆ ಆಸ್ಟ್ರೊಸೈಟ್‌ಗಳನ್ನು ತಡೆದಾಗ ತಂತುಗಳು ಬೆಳೆಯಲಿಲ್ಲ, ಹಾನಿ ಹೆಚ್ಚಿತು. ಸರಿಯಾದ ಪೋಷಕ ಪ್ರೋಟೀನು ಸಿಕ್ಕರೆ ತಂತುಗಳು ಆ ಕಲೆಯ ನಡುವೆಯೇ ಹಾದುಹೋಗುತ್ತವೆ ಎಂದೂ ಕಂಡಿತು. ಕಲೆ ಬರಿಯ ಅಡ್ಡಗೋಡೆಯಲ್ಲ, ಉಳಿದ ಅಂಗಾಂಶವನ್ನು ಕಾಯುವ ರಕ್ಷಣೆ ಕೂಡ. ಯಾವ ಹೊತ್ತಿನಲ್ಲಿ ಅದನ್ನು ಬಲಪಡಿಸಬೇಕು, ಯಾವ ಹೊತ್ತಿನಲ್ಲಿ ಸಡಿಲಿಸಬೇಕು ಎಂಬುದೇ ಈಗಿನ ಪ್ರಶ್ನೆ.

ಮೈಕ್ರೊಗ್ಲಿಯಾದ ಬಗೆಗಿನ ತಿಳಿವಳಿಕೆಯೂ ಹೀಗೆಯೇ ತಿರುವು ಪಡೆಯಿತು. 2005ರಲ್ಲಿ ಜೀವಂತ ಇಲಿಯ ಮೆದುಳನ್ನು ನೋಡಿದಾಗ, ಸುಮ್ಮನಿವೆ ಎಂದುಕೊಂಡಿದ್ದ ಈ ಕೋಶಗಳು ಎಡೆಬಿಡದೆ ಸುತ್ತಲನ್ನು ತಡಕುತ್ತಿದ್ದವು. 2020ರಲ್ಲಿ ಬಾಸ್ಟನ್‌ನ ಝಿಗಾಂಗ್ ಹೆ ಬಳಗ, ಆಗತಾನೆ ಹುಟ್ಟಿದ ಇಲಿಮರಿಗಳ ಬೆನ್ನುಹುರಿ ಕಲೆಯಿಲ್ಲದೆ ಕೂಡಿಕೊಳ್ಳುವುದನ್ನೂ ಅದರ ಮುಂದಾಳು ಮೈಕ್ರೊಗ್ಲಿಯಾ ಎಂಬುದನ್ನೂ ತೋರಿಸಿತು. ವಯಸ್ಕರಲ್ಲಿ ಕಳೆದುಹೋದ ಆ ಗುಣವನ್ನು ಮರಳಿ ಎಬ್ಬಿಸಬಹುದೇ ಎಂಬ ಹುಡುಕಾಟ ನಡೆದಿದೆ.

ಕಸಿಯ ಭರವಸೆ, ಮಾರುಕಟ್ಟೆಯ ಆಮಿಷ

ಗ್ಲಿಯಾ ಕೋಶವನ್ನೇ ತಂದು ಬೆನ್ನುಹುರಿಗೆ ಹಾಕಿದರೆ? ಲಂಡನ್ನಿನ ಜೆಫ್ರಿ ರೇಸ್‌ಮನ್ ಮೂಗಿನ ಮೇಲ್ಭಾಗದ ವಾಸನೆಯ ನರವನ್ನು ಸುತ್ತುವರಿದಿರುವ ಗ್ಲಿಯಾವನ್ನು ಆರಿಸಿಕೊಂಡರು. ವಾಸನೆಯ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟಿ ಮೆದುಳನ್ನು ಸೇರುವುದು ಈ ಕೋಶಗಳ ನೆರವಿನಿಂದ. 1997ರಲ್ಲಿ ಇವನ್ನು ಇಲಿಗಳ ಬೆನ್ನುಹುರಿಗೆ ಕಸಿಮಾಡಿದಾಗ ಮುಂಗಾಲಿನ ಚಲನೆ ಮರಳಿತು. 2014ರಲ್ಲಿ ಪೋಲೆಂಡಿನ ವ್ರೊಟ್ಸ್ವಾಫ್ ನಗರದ ವೈದ್ಯರು ಬೆನ್ನುಹುರಿ ಕಡಿದಿದ್ದ ಒಬ್ಬ ರೋಗಿಯಲ್ಲಿ ಈ ಕೋಶ ಮತ್ತು ಕಾಲಿನ ನರದ ತುಣುಕುಗಳನ್ನು ಕಸಿಮಾಡಿ, ಕಾಲಿನಲ್ಲಿ ಸ್ವಲ್ಪ ಚಲನೆ ಮತ್ತು ಸ್ಪರ್ಶ ಮರಳಿದೆ ಎಂದು ವರದಿ ಮಾಡಿದರು. ಅಮೆರಿಕದ ಮಯಾಮಿಯಲ್ಲಿ ರಿಚರ್ಡ್ ಬಂಜ್ ಮತ್ತು ಮೇರಿ ಬಂಜ್ ದಂಪತಿ ಶ್ವಾನ್ ಕೋಶ ಕಸಿಗೆ ಬುನಾದಿ ಹಾಕಿದರು. ಅಲ್ಲಿ ಆರು ರೋಗಿಗಳಿಗೆ ಅವರದೇ ಶ್ವಾನ್ ಕೋಶ ಕೊಟ್ಟ ಪರೀಕ್ಷೆ ಸುರಕ್ಷಿತವೆಂದು 2017ರಲ್ಲಿ ಪ್ರಕಟವಾಯಿತು. ಸುರಕ್ಷಿತ ಎಂಬುದು ಗುಣಕಾರಿ ಎಂಬುದಕ್ಕೆ ಸಮವಲ್ಲ.

ಇಲ್ಲಿ ನಮ್ಮ ಜನರನ್ನು ಎಚ್ಚರಿಸಲೇಬೇಕು. ಬೆನ್ನುಹುರಿಯ ಪೆಟ್ಟಿಗೆ ಕಾಂಡಕೋಶ ಚುಚ್ಚುಮದ್ದಿನಿಂದ ನಡೆಸುತ್ತೇವೆ ಎಂಬ ಜಾಹೀರಾತು ಕಂಡು ಹೊಲ ಮಾರಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ಕೆಲವು ಕಾಯಿಲೆಗಳನ್ನು ಬಿಟ್ಟು ಬೇರೆಲ್ಲದಕ್ಕೂ ಕಾಂಡಕೋಶದ ಬಳಕೆ ಅನುಮತಿ ಪಡೆದ ಪರೀಕ್ಷೆಯೊಳಗೆ ಮಾತ್ರ ನಡೆಯಬೇಕು. ಅಂಥ ಪರೀಕ್ಷೆಗೆ ರೋಗಿಯಿಂದ ಹಣ ಕೇಳುವಂತಿಲ್ಲ.

ಕರ್ನಾಟಕದಲ್ಲೂ ಗ್ಲಿಯಾದ ಬಗ್ಗೆ ಗಂಭೀರ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ ಮಾನವ ಮೆದುಳಿನ ಬ್ಯಾಂಕು, ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗೆ ಒದಗಿಸುತ್ತ ಬಂದಿದೆ. ಅಲ್ಲಿನ ನರಶರೀರಕ್ರಿಯಾ ವಿಭಾಗದಲ್ಲಿ ಟಿ.ಆರ್. ರಾಜು ಮತ್ತು ಸಂಗಡಿಗರು, ಚಲನೆಯ ನರಕೋಶಗಳು ಸಾಯುವ ಎಎಲ್‌ಎಸ್ ಎಂಬ ಕಾಯಿಲೆಯವರ ಬೆನ್ನುಹುರಿಯ ದ್ರವವನ್ನು ಇಲಿಗಳಿಗೆ ಕೊಟ್ಟು, ನರಕೋಶದ ಹಾನಿಯ ಜೊತೆಗೆ ಗ್ಲಿಯಾವೂ ಕೆರಳುವುದನ್ನು ತೋರಿಸಿದರು. ಗ್ಲಿಯಾ ಕೆಟ್ಟರೆ ನರಕೋಶವೂ ಉಳಿಯದು ಎಂಬ ಅರಿವಿಗೆ ಈ ಕೆಲಸ ಬಲ ತಂದಿದೆ.

ರಾಯಚೂರಿಗೆ ಇದರ ಅರ್ಥ

ಇಷ್ಟೆಲ್ಲ ಸಂಶೋಧನೆಯನ್ನು ಒಂದು ಮಾತಿಗೆ ಇಳಿಸಿದರೆ, ಹೊರನರದ ದುರಸ್ತಿಗೆ ಬೇಕಾದ ಕೋಶ ನಮ್ಮ ದೇಹದಲ್ಲೇ ಇದೆ. ಅದು ಕೆಲಸ ಮಾಡುವ ಕಾಲದೊಳಗೆ ನಾವು ಆಸ್ಪತ್ರೆ ಮುಟ್ಟಬೇಕು. ಹಾಗಾಗಿ ನರದ ವಿಜ್ಞಾನದ ಅರ್ಧ ಭಾಗ ಪ್ರಯೋಗಾಲಯದಲ್ಲಿದ್ದರೆ ಇನ್ನರ್ಧ ಭಾಗ ನಮ್ಮ ರಸ್ತೆ, ಬಸ್ಸು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿದೆ.

ಕುಷ್ಠವನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು ಮಾತ್ರೆ ನುಂಗಿದರೆ ಸೋಂಕು ವಾಸಿ. ಭಾರತ 2005ರ ಡಿಸೆಂಬರ್‌ನಲ್ಲಿ ದೇಶದ ಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿತು. ಆದರೂ ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರೇ, ಸುಮಾರು 1 ಲಕ್ಷ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ. ಆಗಲೇ ಸತ್ತ ನರವನ್ನು ಅದು ಬದುಕಿಸದು. ನರದ ಶಕ್ತಿ ಕುಂದಿ 6 ತಿಂಗಳಾಗುವುದರೊಳಗೆ ಪ್ರೆಡ್ನಿಸೊಲೋನ್ ಚಿಕಿತ್ಸೆ ಆರಂಭಿಸಿದರೆ ಕೈಕಾಲು ಮರಳುವ ಅವಕಾಶ ಹೆಚ್ಚು. ತಡವಾದಷ್ಟೂ ಕಡಿಮೆ.

ಹೀಗಿರುವಾಗ ತಡವೇಕೆ? ಮೊದಲನೆಯದು, ಈ ರೋಗ ನೋಯುವುದಿಲ್ಲ. ತಾಮ್ರ ಬಣ್ಣದ ಮಚ್ಚೆ ತುರಿಸುವುದಿಲ್ಲ, ಕೈ ಮರಗಟ್ಟಿದರೆ ದುಡಿಮೆಯ ಜೋಮು ಎಂದು ಸುಮ್ಮನಾಗುತ್ತೇವೆ. ಎರಡನೆಯದು ಭಯ. ಕುಷ್ಠ ಎಂದರೆ ಮಗಳ ಮದುವೆ ನಿಲ್ಲುತ್ತದೆ ಎಂದು ಮುಚ್ಚಿಡುವ ಮನೆಗಳಿವೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನುಗಳನ್ನೇ ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಮೂರನೆಯದು ಗುಳೆ. ದೇವದುರ್ಗದ ಹಳ್ಳಿಯಿಂದ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದವರ ಮೈಯನ್ನು ಇಲ್ಲಿನ ಆಶಾ ಕಾರ್ಯಕರ್ತೆ ಪರೀಕ್ಷಿಸುವುದು ಹೇಗೆ? ಊರು ಬಿಡುವವರಿಗೆ ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಅವಕಾಶ ಕುಷ್ಠ ನಿರ್ಮೂಲನೆ ಕಾರ್ಯಕ್ರಮದಲ್ಲಿದೆ. ಆದರೆ ನರದ ಪರೀಕ್ಷೆಯನ್ನು ಪೊಟ್ಟಣದಲ್ಲಿ ಕಟ್ಟಿ ಕೊಡಲಾಗದು. ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುತ್ತಾರೆ. ಮನೆಮನೆ ತಪಾಸಣೆಯನ್ನು ಆ ದಿನಗಳಿಗೆ ಹೊಂದಿಸಬೇಕು.

ಹೊಲದ ಗಾಯಕ್ಕೂ ಇದೇ ಎಚ್ಚರ ಬೇಕು. ಮಣಿಕಟ್ಟು ಕೊಯ್ದಾಗ ಚರ್ಮಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬಂದರೆ ಒಳಗಿನ ನರ ತುಂಡಾಗಿಯೇ ಉಳಿಯಬಹುದು. ಬೆರಳ ತುದಿಗೆ ಸ್ಪರ್ಶ ತಿಳಿಯದಿದ್ದರೆ, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲಾಗದಿದ್ದರೆ, ಕೆಲವೇ ದಿನಗಳೊಳಗೆ ನರ ಜೋಡಿಸುವ ಶಸ್ತ್ರವೈದ್ಯರನ್ನು ಕಾಣಬೇಕು. ಎತ್ತರದಿಂದ ಬಿದ್ದವರ ವಿಷಯದಲ್ಲಿ ಮೊದಲ ಗಂಟೆಯೇ ದೊಡ್ಡದು. ತೋಳು, ಕಾಲು ಹಿಡಿದು ಎತ್ತಿ ಆಟೊದಲ್ಲಿ ಮಡಚಿ ಕೂರಿಸುವುದರಿಂದ ಅರ್ಧ ಉಳಿದ ಬೆನ್ನುಹುರಿಯೂ ಕಡಿದುಹೋಗಬಹುದು. ಕುತ್ತಿಗೆ, ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ 108 ವಾಹನದಲ್ಲಿ ಸಾಗಿಸಬೇಕು. ಆಮೇಲೆ ಮನೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ, ದಿನವೂ ಅಂಗಸಾಧನೆ. ಗ್ಲಿಯಾ ವಿಜ್ಞಾನ ನಾಳೆ ಯಾವ ಔಷಧಿ ತಂದರೂ, ಅದರ ಲಾಭ ಸಿಗುವುದು ಮೈಕೈ ಕೆಡದಂತೆ ಉಳಿಸಿಕೊಂಡವರಿಗೆ.

ಜಿಲ್ಲೆಯಲ್ಲಿ ಏನೂ ಇಲ್ಲವೆಂದಲ್ಲ. 2007ರಲ್ಲಿ ಶುರುವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ರಿಮ್ಸ್ ಇದೆ. ಜನ ಓಪೆಕ್ ಎಂದು ಕರೆಯುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ದೇವದುರ್ಗ, ಮಾನ್ವಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಎರಡೂ ಊರುಗಳಿಂದ ಜಿಲ್ಲಾ ಕೇಂದ್ರ ಸುಮಾರು 50 ಕಿಲೋಮೀಟರ್. ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ 2018ರಲ್ಲಿ ಕರ್ನಾಟಕದಿಂದ ಸೇರಿಸಿದ್ದು ರಾಯಚೂರು ಮತ್ತು ಯಾದಗಿರಿಗಳನ್ನು. 2022ರ ಮೇ ತಿಂಗಳಿನಿಂದ ಏಮ್ಸ್‌ಗಾಗಿ ಇಲ್ಲಿನ ಜನ ನಡೆಸಿದ ದೀರ್ಘ ಧರಣಿ ಈ ಸೀಮೆಯ ಆರೋಗ್ಯದ ಹಸಿವನ್ನು ನಾಡಿಗೇ ಹೇಳಿತು. ದೊಡ್ಡ ಆಸ್ಪತ್ರೆಯ ಬೇಡಿಕೆ ನ್ಯಾಯವಾದದ್ದು. ಅದು ಬರುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಹತ್ತಿಯ ಎಳೆಯಿಂದ ಮಚ್ಚೆ ಮುಟ್ಟಿ ಸ್ಪರ್ಶ ಪರೀಕ್ಷಿಸುವುದು, ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ತಡವಿ ನೋಡುವುದು, ಕಿರುಬೆರಳನ್ನು ಹೊರಕ್ಕೆ ಚಾಚಿಸಿ ಬಲ ನೋಡುವುದು ಇವಕ್ಕೆ ಯಂತ್ರ ಬೇಡ. ಕಲಿತ ಕೈ ಸಾಕು. ಕುಷ್ಠ ಅರಿವಿನ ಆಂದೋಲನ ಪ್ರತಿವರ್ಷ ಜನವರಿ 30ರಂದು ಗ್ರಾಮಸಭೆಗಳಲ್ಲಿ ಆರಂಭವಾಗುತ್ತದೆ. ಆ ಸಭೆಯಲ್ಲಿ ಪ್ರತಿಜ್ಞೆ ಓದುವುದರ ಜೊತೆಗೆ ಈ ಪರೀಕ್ಷೆಯನ್ನು ಎಲ್ಲರೆದುರು ಮಾಡಿ ತೋರಿಸಬಹುದು.

ಗ್ಲಿಯಾ ಅಧ್ಯಯನ ಈಗ ಎರಡು ದಿಕ್ಕಿನಲ್ಲಿ ಸಾಗಬೇಕಿದೆ. ದುರಸ್ತಿ ಕೋಶ ಬಹುಕಾಲ ಎಚ್ಚರದಲ್ಲಿರುವಂತೆ ಮಾಡುವುದು, ಬೆನ್ನುಹುರಿಯ ತಡೆಗಳನ್ನು ಸಡಿಲಿಸುವುದು ಪ್ರಯೋಗಾಲಯದ ಪಾಲು. ಈಗಿರುವ ಗಡುವಿನೊಳಗೇ ರೋಗಿಯನ್ನು ಮುಟ್ಟುವುದು ನಮ್ಮ ಪಾಲು. ಮೊದಲನೆಯದಕ್ಕೆ ಇನ್ನೂ ದಶಕಗಳು ಹಿಡಿಯಬಹುದು. ಎರಡನೆಯದನ್ನು ರಾಯಚೂರು ಜಿಲ್ಲೆ ಈ ವರ್ಷವೇ ಮಾಡಬಹುದು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ ಕೈಕಾಲಿನ ನರ ತಪಾಸಣೆ, ಜಿಲ್ಲಾ ಕೇಂದ್ರದಲ್ಲಿ ಸದಾ ಸಿಗುವ ನರ ಜೋಡಿಸುವ ಶಸ್ತ್ರವೈದ್ಯರು, ಅಲ್ಲೇ ಒಂದು ಪುನಶ್ಚೇತನ ಘಟಕ. ಇಷ್ಟು ಸಿಕ್ಕರೆ ದುಡಿದು ಉಣ್ಣುವ ಎಷ್ಟೋ ಕೈಗಳು ಮತ್ತೆ ಕೆಲಸಕ್ಕೆ ಬರುತ್ತವೆ.